ಬೆಳ್ಳಿತೆರೆಗೆ ಬೆಳ್ಳಿ ಬೇಡವೆಂದ ಬೋರ್ಡು ಮೇಸ್ತ್ರಿ!

ಬೆಳ್ಳಿತೆರೆ, ಬೆಳ್ಳಿಪರದೆ, ರಜತಪರದೆ... ಸಿನಿಮಾ ಪತ್ರಿಕೆಗೆ ಬರೆಯುವ ನಮ್ಮಂಥವರು ದಿನಕ್ಕೆ ಹತ್ತು ಸಲ ಈ ಪದ ಬಳಸುತ್ತೇವೆ. ನಾಯಕಿ ಬೆಳ್ಳಿತೆರೆಗೆ ಕಾಲಿಟ್ಟಳು, ಖಳನಾಯಕ ಬೆಳ್ಳಿತೆರೆಯಿಂದ ಮರೆಯಾದ, ನಿರ್ಮಾಪಕ ಬೆಳ್ಳಿತೆರೆ ನಂಬಿ ಮನೆ ಮಾರಿಕೊಂಡ! ಆದರೆ ಆ ತೆರೆಯಲ್ಲಿ ಬೆಳ್ಳಿ ಎಲ್ಲಿದೆ ಅಂತ ಯಾರಾದರೂ ಕೇಳಿದ್ದುಂಟೆ? ಗುಂಡ್ಲುಪೇಟೆಯ ಒಂದು ಮನೆಯಲ್ಲಿ ಕೇಳಿದರು. ಕೇಳಿದ್ದಷ್ಟೇ ಅಲ್ಲ, ಅದಕ್ಕಾಗಿ ನಡುಮನೆಯಲ್ಲಿ ಮೂರು ದಿನ ಮಾತಿನ ಯುದ್ಧವೇ ನಡೆಯಿತು. ಒಂದು ಕಡೆ ಹದಿನೇಳರ ಹುಡುಗ, ಕೈಯಲ್ಲಿ ಅಲ್ಯೂಮಿನಿಯಂ ಪೇಂಟಿನ ಡಬ್ಬ. ಇನ್ನೊಂದು ಕಡೆ ಅರವತ್ತರ ಮೇಸ್ತ್ರಿ, ಕೈಯಲ್ಲಿ ಉಪ್ಪುಕಾಗದ. ನಡುವೆ ಒಂದು ಬರಿಗೋಡೆ. ತೀರ್ಪು ಕೊಡಬೇಕಾದವರು ಮೂಲೆಯ ಮಂಚದ ಮೇಲಿದ್ದ ಅಜ್ಜಿ!

ಕಥೆ ಏನಪ್ಪಾ ಅಂದರೆ, ಮನೆಯ ಯಜಮಾನರು ತೆರಕಣಾಂಬಿ ತರಕಾರಿ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ತಾಯಿಗೆ ಎಪ್ಪತ್ತು ದಾಟಿದೆ. ಮಗನದು ತರಕಾರಿ ಮಂಡಿ, ತಾಯಿಯದು ಸವೆದ ಮಂಡಿ! ಮೆಟ್ಟಿಲು ಹತ್ತುವ ಹಾಗಿಲ್ಲ, ಒಂದು ಗಂಟೆ ಕೂರುವ ಹಾಗಿಲ್ಲ, ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬರುವ ಮಾತಂತೂ ಇಲ್ಲವೇ ಇಲ್ಲ. ಗುಂಡ್ಲುಪೇಟೆಯಿಂದಲೂ ಚಾಮರಾಜನಗರದಿಂದಲೂ ಮೈಸೂರು ಸುಮಾರು 60 ಕಿಲೋಮೀಟರ್. ಈಗಿನ ಹುಡುಗರು ಮಾಲ್‌ಗಳಲ್ಲಿ ಸಿನಿಮಾ ನೋಡಲು ಅಷ್ಟು ದೂರ ಹೋಗಿ ಬರುತ್ತಾರೆ. ಅಜ್ಜಿಗೆ ಟೀವಿ ಇದೆ. ಆದರೆ ಟೀವಿಯಲ್ಲಿ ರಾಜ್‌ಕುಮಾರ್ ಬಂದರೆ ಅಜ್ಜಿ ಒಂದೇ ಮಾತು ಹೇಳುತ್ತಿದ್ದರಂತೆ: "ಇಸ್ಟುದ್ದ ಇದ್ನ ಅಂವ? ಗ್ವಾಡ ತುಂಬ ಇದ್ದ ಕನ!"

ಆ ಮಾತು ಕೇಳಿ ಕೇಳಿ ಮಗ ಕಂತಿನಲ್ಲಿ ಒಂದು ಸಣ್ಣ ಪ್ರೊಜೆಕ್ಟರ್ ತಂದರು. ಯಂತ್ರ ಬಂತು, ಪರದೆ ಇಲ್ಲ. ಅಂಗಡಿಯಲ್ಲಿ ಸಿಗುವ ಒಳ್ಳೆ ಪರದೆಗೆ ಸಾವಿರಗಟ್ಟಲೆ ಬೆಲೆ. ಅಗ್ಗದ್ದು ತಂದರೆ ಮಡಿಕೆ ಬಿದ್ದ ಬಟ್ಟೆ, ಫ್ಯಾನ್ ಗಾಳಿಗೆ ನಾಯಕನ ಮೂಗು ಅಲುಗಾಡುತ್ತೆ. ಬೆಡ್‌ಶೀಟು ಕಟ್ಟಿ ನೋಡಿದರು. ಬೆಳಕು ಅರ್ಧ ಬಟ್ಟೆ ದಾಟಿ ಹಿಂದಕ್ಕೆ ಹೋಯಿತು, ಚಿತ್ರ ಮಂಕು. ಕೊನೆಗೆ ಗೋಡೆಗೇ ಪರದೆಯ ಹಾಗೆ ಬಣ್ಣ ಹೊಡೆಸುವುದು ಅಂತ ತೀರ್ಮಾನವಾಗಿ, ಚಾಮರಾಜನಗರದಿಂದ ಮೇಸ್ತ್ರಿಯನ್ನು ಕರೆಸಿದರು. ವಿಷಯ ಕಿವಿಗೆ ಬಿದ್ದು ನಾನೂ ಹೆಗಲಿಗೆ ಚೀಲ ಹಾಕಿಕೊಂಡು ಹೊರಟೆ. ಗಾಂಧಿನಗರದ ಮುಹೂರ್ತ, ಕ್ಲಾಪು, ಕೇಸರಿಬಾತು ಬರೆದು ಬರೆದು ನನಗೂ ಸಾಕಾಗಿತ್ತು.

ಬ್ರಷ್ಷು ಸೋತ ಕಥೆ

ಈ ಮೇಸ್ತ್ರಿ ಬರೀ ಗೋಡೆಗೆ ಬಣ್ಣ ಹೊಡೆಯುವವರಲ್ಲ. ಅವರನ್ನು ಊರಲ್ಲಿ ಕರೆಯುವುದೇ "ಬೋರ್ಡು ಮೇಸ್ತ್ರಿ" ಅಂತ. ಒಂದು ಕಾಲದಲ್ಲಿ ಥಿಯೇಟರಿನ ಮುಂದಿನ ಬಟ್ಟೆ ಬ್ಯಾನರು, ಗೋಡೆ ಬರಹ, "ಇಂದಿನಿಂದ", "ಅಭೂತಪೂರ್ವ 2ನೇ ವಾರ" ಎಲ್ಲಾ ಇವರ ಕೈಯದು. ನಾಯಕನ ಮುಖಕ್ಕೆ ಗುಲಾಬಿ, ಖಳನ ಮುಖಕ್ಕೆ ಹಸಿರು... ಅದೊಂದು ಕಟ್ಟಳೆ. ಆಮೇಲೆ ಫ್ಲೆಕ್ಸ್ ಬಂತು. ಒಂದು ವಾರದ ಕೆಲಸ ಒಂದು ಗಂಟೆಯಲ್ಲಿ ಮೆಷೀನಿನಿಂದ ಉರುಳಿ ಬಿತ್ತು. ಬ್ರಷ್ಷು ಹಿಡಿದ ಕೈಗಳು ಒಂದೊಂದಾಗಿ ರೋಲರ್ ಹಿಡಿದವು.

"ಇಪ್ಪತ್ತು ವರ್ಸ ಆಯ್ತು ಕನಪ್ಪ, ಸಿನಿಮಾ ಕೆಲ್ಸ ಅಂತ ನನ್ನ ಯಾರೂ ಕರುದ್ದಿಲ್ಲ" ಅಂದರು ಮೇಸ್ತ್ರಿ, ಬಸ್ಸಿನ ಕಿಟಕಿಯಾಚೆ ನೋಡುತ್ತಾ. ಆಚೆ ಚೆಂಡುಹೂವಿನ ಹೊಲಗಳು. "ಈಗ ಕರುದವ್ರ. ಅದೂ ಪರದೆ ಬರಿಯಾಕ. ಬೋರ್ಡು ಬರುದೆ, ಪರದೆ ಯಾವತ್ತೂ ಬರುದಿರ್ನಿಲ್ಲ."

ಗಮನಿಸಿ, ಪರದೆ "ಹೊಡೆಯೋದು" ಅನ್ನಲಿಲ್ಲ, "ಬರೆಯೋದು" ಅಂದರು!

ಚಾಮರಾಜನಗರ ಅಂದರೆ ಸಿನಿಮಾದವರಿಗೆ ತವರುಮನೆ. ಹಿಂದೆ ಅರಿಕುಠಾರ ಅಂತ ಹೆಸರಿದ್ದ ಊರು, ಚಾಮರಾಜ ಒಡೆಯರು ಹುಟ್ಟಿದ್ದರಿಂದ ಚಾಮರಾಜನಗರವಾಯಿತು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯೂ ಆಯಿತು. ಅಲ್ಲಿಂದ ತಾಳವಾಡಿ ಕಡೆಗೆ ಹೊರಟರೆ ಗಾಜನೂರು ಸಿಗುತ್ತದೆ. ಈಗ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ಆ ಊರಲ್ಲಿ 1929ರ ಏಪ್ರಿಲ್ 24ರಂದು ಹುಟ್ಟಿದ ಮುತ್ತುರಾಜ, 1954ರ "ಬೇಡರ ಕಣ್ಣಪ್ಪ"ದಿಂದ ರಾಜ್‌ಕುಮಾರ್ ಆದದ್ದು ನಿಮಗೆಲ್ಲ ಗೊತ್ತು. ಹಾಗಾಗಿ ಈ ಸೀಮೆಯ ಅಜ್ಜಿಯರಿಗೆ ಅಣ್ಣಾವ್ರು ಬರೀ ನಟ ಅಲ್ಲ, ಪಕ್ಕದೂರಿನ ಹುಡುಗ. ಅವರ ಬಗ್ಗೆ ಏಕವಚನದಲ್ಲೇ ಮಾತು. ನಮಗೆ ಕೇಳಿದರೆ ಎದೆ ಝಲ್ ಅನ್ನುತ್ತೆ, ಅವರಿಗೆ ಅದು ಪ್ರೀತಿ.

ಅಜ್ಜಿ ಸಿನಿಮಾ ನೋಡಿದ್ದು ಟೂರಿಂಗ್ ಟಾಕೀಸಿನಲ್ಲಿ. ನೆಲ, ಬೆಂಚು, ಕುರ್ಚಿ ಅಂತ ಮೂರು ತರಗತಿ. ಅಜ್ಜಿಯದು ಯಾವಾಗಲೂ ನೆಲ. ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಮಹಾರಾಣಿ. ಲೌಡ್ ಸ್ಪೀಕರಿನಲ್ಲಿ ಘಂಟಸಾಲರ ವೆಂಕಟೇಶ್ವರನ ಹಾಡು ಹಾಕಿದರೆ ಆಟ ಶುರು ಅಂತ ಸೂಚನೆ. ಅಷ್ಟರಲ್ಲಿ ಹೊಲದಿಂದ ಬಂದು ಮುದ್ದೆ ಉಂಡು ಓಡಬೇಕು. ಟೆಂಟಿನಲ್ಲಿ ಇರುತ್ತಿದ್ದದ್ದು ಒಂದೇ ಪ್ರೊಜೆಕ್ಟರು. ಎರಡು ಸಾವಿರ ಅಡಿಯ ರೀಲು ಓಡುವುದು ಸುಮಾರು 22 ನಿಮಿಷ. ಹಾಗಾಗಿ ರೀಲು ಬದಲಿಸಲು ಆಟದ ನಡುವೆ ಹಲವು ಸಲ ದೀಪ ಹತ್ತುತ್ತಿತ್ತು. ಒಂದು ಇಂಟರ್ವಲ್ಲಿಗೆ ಒಂದು ಕಡ್ಲೆಕಾಯಿ ಪೊಟ್ಟಣ!

ಆ ಪರದೆ ಹೇಗಿತ್ತು ಅಜ್ಜೀ ಅಂತ ಕೇಳಿದೆ. "ಬಟ್ಟ ಕನ. ಮದ್ಯದಲ್ಲಿ ಹೊಲ್ಗ ಹಾಕಿದ್ರು. ರಾಜ್‌ಕುಮಾರನ ಹಣ ಮ್ಯಾಲ ಹೊಲ್ಗ ಬರದು" ಅಂದರು. ಹಣೆಯ ಮೇಲೆ ಹೊಲಿಗೆ! ಐವತ್ತು ವರ್ಷ ಕಳೆದರೂ ಅದು ನೆನಪಿದೆ. ಬೀಡಿ ಹೊಗೆಗೆ ಆ ಬಟ್ಟೆ ಕಂದು ತಿರುಗುತ್ತಿತ್ತಂತೆ. ಆಗ ಒಗೆದು, ಸಫೇತಕ್ಕೆ ಸರೇಸು ಬೆರೆಸಿ ಬಳಿಯುತ್ತಿದ್ದರು ಅಂತ ಮೇಸ್ತ್ರಿ ಸೇರಿಸಿದರು. ನಾಟಕದ ಪರದೆ ಬರೆಯುವವರ ವಿದ್ಯೆಯೇ ಅದು.

ಹಾಗಾದರೆ ಬೆಳ್ಳಿ ಎಲ್ಲಿತ್ತು?

ಇತ್ತು ಸ್ವಾಮೀ, ನಿಜವಾಗಿಯೂ ಇತ್ತು. ಮೂಕಿ ಚಿತ್ರಗಳ ಕಾಲದಲ್ಲಿ ಪ್ರೊಜೆಕ್ಟರಿನ ದೀಪ ಮಂಕು. ಇರುವ ಬೆಳಕನ್ನು ಆದಷ್ಟು ಪ್ರೇಕ್ಷಕರ ಕಡೆಗೇ ತಿರುಗಿಸಲಿ ಅಂತ ಪರದೆಗೆ ಲೋಹದ ಪುಡಿ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಹೆಸರು ಬೆಳ್ಳಿ, ಬಹಳ ಕಡೆ ಮಾಲು ಅಲ್ಯೂಮಿನಿಯಂ. ಅಲ್ಲಿಂದ ಬಂದದ್ದು ಈ ಬೆಳ್ಳಿತೆರೆ ಎಂಬ ಮಾತು. ಆಮೇಲೆ ಸಿನಿಮಾಕ್ಕೆ ಮಾತು ಬಂತು (ನಮ್ಮ "ಸತಿ ಸುಲೋಚನ" ಬಂದದ್ದು 1934ರಲ್ಲಿ), ಪರದೆಯ ಹಿಂದಿಟ್ಟ ಸ್ಪೀಕರಿನ ಧ್ವನಿ ಮುಂದೆ ಬರಲು ಪರದೆಗೆ ಸಣ್ಣ ಸಣ್ಣ ತೂತು ಬಿದ್ದವು. ಕಾರ್ಬನ್ ಕಡ್ಡಿಯ ದೀಪ ಪ್ರಖರವಾಯಿತು, ಅದರ ನಂತರ ಕ್ಸೆನಾನ್ ಬಂತು. ಬೆಳಕು ಸಾಕಷ್ಟಾದ ಮೇಲೆ ಬೆಳ್ಳಿಯ ಹಂಗು ಯಾಕೆ? ಬಹುಪಾಲು ಚಿತ್ರಮಂದಿರಗಳು ಮಿರುಗು ಬಿಟ್ಟು ಮಂದ ಬಿಳಿಗೆ ಬಂದವು. ಬೆಳ್ಳಿ ಹೋಯಿತು, ಹೆಸರು ಉಳಿಯಿತು. ಎಷ್ಟೋ ನಾಯಕಿಯರ ಕಥೆಯೂ ಹೀಗೆಯೇ, ಬಿಡಿ.

ಪೂರ್ತಿ ಹೋಗಲಿಲ್ಲ ಅನ್ನಿ. 1984ರಲ್ಲಿ ಮಲಯಾಳಂನ "ಮೈ ಡಿಯರ್ ಕುಟ್ಟಿಚಾತ್ತನ್" ಬಂತಲ್ಲ, ಭಾರತದ ಮೊದಲ 3ಡಿ ಚಿತ್ರ, ಕನ್ನಡಕ ಹಾಕಿಕೊಂಡು ನೋಡಿದ್ದು? ಅಂಥ ಚಿತ್ರಕ್ಕೆ ಲೋಹದ ಪರದೆಯೇ ಬೇಕು. ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಅಂತ ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ಕಟ್ಟಿ ಕಳಿಸಿರುತ್ತಾರೆ. ಲೋಹ ಆ ಕಟ್ಟು ಬಿಚ್ಚದೆ ಹಾಗೇ ವಾಪಸು ಕಳಿಸುತ್ತೆ. ಮಂದ ಬಿಳಿ ಗೋಡೆ ಎಲ್ಲಾ ಕಲಸಿ ಚಿತ್ರಾನ್ನ ಮಾಡುತ್ತೆ. ಹಾಗಾಗಿ 3ಡಿ ಬಂದಾಗಲೆಲ್ಲಾ ಬೆಳ್ಳಿಯೂ ಥಿಯೇಟರಿಗೆ ವಾಪಸು ಬಂತು.

ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಅಲ್ಯೂಮಿನಿಯಂ ಪೇಂಟು ತಂದಿದ್ದ ಮೊಮ್ಮಗನ ವಾದವೂ ಸುಳ್ಳಲ್ಲ. "ನಮ್ ಪ್ರೊಜೆಕ್ಟರ್ ಸಣ್ದು ಅಂಕಲ್, ಲೈಟು ಕಮ್ಮಿ. ಸಿಲ್ವರ್ ಹೊಡುದ್ರೆ ಡಬಲ್ ಬ್ರೈಟ್ ಆಗುತ್ತೆ" ಅಂದ. ಮೇಸ್ತ್ರಿ ನಕ್ಕರು. "ಆಯ್ತದ ಕೂಸು. ಆ ಡಬಲ್ಲು ಯಾರ್ ಪಾಲಿಂದು ಕಿತ್ಕಂಡು ಬತ್ತದ, ಕೇಳ್ದ?"

ಇಲ್ಲಿದೆ ನೋಡಿ ಗುಟ್ಟು. ಬಣ್ಣ ಬೆಳಕನ್ನು ಹುಟ್ಟಿಸುವುದಿಲ್ಲ, ಹಂಚುತ್ತೆ ಅಷ್ಟೆ. ಪಿಯುಸಿಯ ಫಿಸಿಕ್ಸ್ ಪುಸ್ತಕವನ್ನು ಅರ್ಧಕ್ಕೇ ಮಡಿಚಿಟ್ಟವನು ನಾನು, ಆದರೂ ಇದು ನನಗೂ ತಲೆಗೆ ಹೋಯಿತು. ಮಂದ ಬಿಳಿ ಬಣ್ಣ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲುತ್ತೆ. ಮಿರುಗುವ ಬಣ್ಣ ಕನ್ನಡಿಯ ತಮ್ಮ. ಮಗ್ಗುಲಿಗೆ ಹೋಗಬೇಕಾದ ಬೆಳಕನ್ನೂ ಕಿತ್ತು ನಡುವೆ ಕೂತವರಿಗೆ ಕೊಡುತ್ತೆ. ಪರದೆಯವರು ಇದನ್ನು ಗೇನ್ ಅನ್ನುತ್ತಾರೆ. ಮಂದ ಬಿಳಿಯ ಗೇನ್ ಸುಮಾರು 1, ಬೆಳ್ಳಿ ಪರದೆಯದು 2ನ್ನೂ ದಾಟಬಹುದು. ಆದರೆ ಆ 2 ಇರುವುದು ನಟ್ಟನಡುವಿನ ಕುರ್ಚಿಗೆ ಮಾತ್ರ. "ಬೆಳ್ಳಿ ಅಂದ್ರ ಮದ್ಯ ಕೂತವ್ನಿಗ ಹಬ್ಬ, ಮಗ್ಗುಲಲ್ಲಿ ಕೂತವ್ನಿಗ ಅಮಾಸ" ಅಂತ ಮೇಸ್ತ್ರಿ ಒಂದೇ ಏಟಿಗೆ ಮುಗಿಸಿದರು.

ಈಗ ಅಜ್ಜಿಯ ಮಂಚ ಎಲ್ಲಿದೆ? ಕಿಟಕಿ ಪಕ್ಕದ ಮೂಲೆಯಲ್ಲಿ, ಗೋಡೆಗೆ ತೀರಾ ಓರೆಯಾಗಿ. ಬಚ್ಚಲುಮನೆ ಹತ್ತಿರ ಆಗಲಿ ಅಂತ ಅಲ್ಲೇ ಹಾಕಿದ್ದಾರೆ, ಬೇರೆ ಕಡೆ ಸರಿಸುವ ಹಾಗಿಲ್ಲ. ಇಡೀ ಯಂತ್ರ ತಂದದ್ದೇ ಅಜ್ಜಿಗಾಗಿ. ಅಜ್ಜಿಗೇ ಕಾಣದ ಬೆಳ್ಳಿ ಕಟ್ಟಿಕೊಂಡು ಏನು ಮಾಡುವುದು?

ಗೋಡೆಯ ಹಜಾಮತಿ

ಬಣ್ಣದ ಜಗಳ ಹಾಗೇ ಇರಲಿ ಅಂತ ಮೇಸ್ತ್ರಿ ಮೊದಲ ದಿನ ಗೋಡೆ ಹಿಡಿದರು. ಹಳೆ ಸುಣ್ಣ, ಅದರ ಮೇಲೆ ಡಿಸ್ಟೆಂಪರು, ಅದರ ಮೇಲೆ ಕ್ಯಾಲೆಂಡರಿನ ಮೊಳೆ. ಕೆರೆಯುತ್ತಾ ಕೆರೆಯುತ್ತಾ ಒಳಗಿನಿಂದ ತಿಳಿ ನೀಲಿ ಬಂತು. ಹಿಂದೆ ಸುಣ್ಣ ಬೆಳ್ಳಗೆ ಹೊಳೆಯಲಿ ಅಂತ ಬಟ್ಟೆಗೆ ಹಾಕುವ ನೀಲಿ ಬೆರೆಸುತ್ತಿದ್ದರಲ್ಲ, ಅದು. ಕಣ್ಣಿಗೆ ಅದು ಬಿಳಿಗಿಂತ ಬಿಳಿ. ಆದರೆ ಅದರ ಮೇಲೆ ಸಿನಿಮಾ ಬಿಟ್ಟರೆ ಮುಖಗಳೆಲ್ಲಾ ಹೆಣದ ಬಣ್ಣಕ್ಕೆ ತಿರುಗುತ್ತವೆ. ಪರದೆಯ ಬಿಳಿ ಯಾವ ಬಣ್ಣದ ಕಡೆಗೂ ವಾಲಬಾರದು. ಹಾಲಿನ ಬಿಳಿ, ಮಲ್ಲಿಗೆ ಬಿಳಿ, ದಂತದ ಬಿಳಿ ಅಂತ ಅಂಗಡಿಯವರು ಬಣ್ಣದ ಕಾರ್ಡು ತೋರಿಸುತ್ತಾರಲ್ಲ, ಅದ್ಯಾವುದೂ ಬೇಡ. ಏನೂ ಬೆರೆಸದ ಬರೀ ಬಿಳಿ ಸಾಕು.

ರಸಮಟ್ಟ ಇಟ್ಟು ದಾರ ಹಿಡಿದು ಅಳತೆ ಹಾಕಿದರು. ಮೂಲೆಯಿಂದ ಮೂಲೆಗೆ 100 ಇಂಚಿನ ಚಿತ್ರ ಅಂದರೆ ಈಗಿನ ಅಗಲ ಚಿತ್ರದ ಲೆಕ್ಕದಲ್ಲಿ 87 ಇಂಚು ಅಗಲ, 49 ಇಂಚು ಎತ್ತರ. ಅಡಿಯಲ್ಲಿ ಹೇಳಿದರೆ ಏಳೂಕಾಲು ಅಗಲ, ನಾಲ್ಕಕ್ಕಿಂತ ಒಂದು ಇಂಚು ಹೆಚ್ಚು ಎತ್ತರ. ಒಟ್ಟು ಸುಮಾರು 30 ಚದರಡಿ.

ಇಲ್ಲಿ ಒಂದು ಲೆಕ್ಕ ಹೇಳಿಬಿಡುತ್ತೇನೆ, ಪ್ರೊಜೆಕ್ಟರ್ ಕೊಳ್ಳುವ ಓದುಗರಿಗೆ ಉಪಯೋಗವಾದೀತು. ಚಿತ್ರಮಂದಿರದ ಪರದೆ ಎಷ್ಟು ಬೆಳಗಬೇಕು ಅನ್ನುವುದಕ್ಕೆ ಫುಟ್ ಲ್ಯಾಂಬರ್ಟ್ ಅಂತ ಒಂದು ಅಳತೆ. ರೀಲಿನ ಕಾಲದಲ್ಲಿ ಯಂತ್ರಕ್ಕೆ ರೀಲು ಹಾಕದೆ ಬರೀ ಬೆಳಕು ಬಿಟ್ಟು ಅಳೆದರೆ 16 ಬರಬೇಕಿತ್ತು. ಡಿಜಿಟಲ್ ಚಿತ್ರಕ್ಕೆ 14. ಮನೆಯಲ್ಲಿ ಇದನ್ನು ಅಳೆಯಲು ಯಂತ್ರ ಬೇಡ. ಪ್ರೊಜೆಕ್ಟರಿನ ಲ್ಯುಮೆನ್ ಸಂಖ್ಯೆಯನ್ನು ಪರದೆಯ ಚದರಡಿಯಿಂದ ಭಾಗಿಸಿ, ಗೇನ್‌ನಿಂದ ಗುಣಿಸಿ. ಇವರ ಯಂತ್ರದ್ದು 500 ಲ್ಯುಮೆನ್. 500ನ್ನು 30ರಿಂದ ಭಾಗಿಸಿದರೆ ಹದಿನಾರೂವರೆ ದಾಟುತ್ತೆ. ಅಂದರೆ ಕತ್ತಲೆ ಕೋಣೆಯಲ್ಲಿ ಮಂದ ಬಿಳಿ ಗೋಡೆಯೇ ಥಿಯೇಟರಿಗೆ ಸಮ! ಬೆಳ್ಳಿ ಯಾತಕ್ಕೆ? ಆದರೆ ಒಂದು ಎಚ್ಚರಿಕೆ: ನಂಬಬೇಕಾದದ್ದು ಆನ್ಸಿ ಲ್ಯುಮೆನ್ ಅಂತ ಬರೆದ ಸಂಖ್ಯೆಯನ್ನು ಮಾತ್ರ. ಅಗ್ಗದ ಡಬ್ಬಗಳ ಮೇಲೆ ಐದು ಸಾವಿರ, ಹತ್ತು ಸಾವಿರ ಅಂತ ಬರೆದಿರುತ್ತಾರೆ. ಅದು ನಮ್ಮ ಪೋಸ್ಟರುಗಳ "ಹೌಸ್‌ಫುಲ್" ಇದ್ದ ಹಾಗೆ.

ಪುಟ್ಟಿ ಎರಡು ಸಲ. ಒಣಗಿದ ಮೇಲೆ 120 ನಂಬರಿನ ಉಪ್ಪುಕಾಗದ, ಆಮೇಲೆ 220. ಇಡೀ ಮನೆ ಹಿಟ್ಟಿನ ಗಿರಣಿ! ಮನೆಯೊಡತಿ ಪಾತ್ರೆ ಮೇಲೆ ಪಾತ್ರೆ ಮುಚ್ಚುತ್ತಾ ಗೊಣಗುತ್ತಿದ್ದರು. ಸಂಜೆ ದೀಪ ಆರಿಸಿ ಮೇಸ್ತ್ರಿ ಟಾರ್ಚು ತಗೊಂಡು ಗೋಡೆಗೆ ತಾಗಿಸಿ ಓರೆಯಾಗಿ ಹಿಡಿದರು. ಹಗಲು ಕನ್ನಡಿಯ ಹಾಗಿದ್ದ ಗೋಡೆ ಆ ಬೆಳಕಿನಲ್ಲಿ ಗೋಪಾಲಸ್ವಾಮಿ ಬೆಟ್ಟದ ಹಾಗೆ ಕಂಡಿತು: ಉಬ್ಬು, ತಗ್ಗು, ಕರಣೆಯ ಗೆರೆ. ಎಲ್ಲೆಲ್ಲಿ ನೆರಳು ಬಿತ್ತೋ ಅಲ್ಲಲ್ಲಿ ಪೆನ್ಸಿಲ್ ಗುರುತು ಹಾಕಿ, ಬೆಳಿಗ್ಗೆ ಮತ್ತೆ ಪುಟ್ಟಿ, ಮತ್ತೆ ಉಜ್ಜು. ನಾನು ಕಂಡ ಹಾಗೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ಉಜ್ಜುವುದೇ. ಬಣ್ಣ ಹೊಡೆಯುವುದು ಕೊನೆಯ ಕಾಲು ಪಾಲು.

ಬ್ರಷ್ಷನ್ನು ಮಾತ್ರ ಮುಟ್ಟಲಿಲ್ಲ. ಬ್ರಷ್ಷಿನ ಒಂದೊಂದು ಗೆರೆಯೂ ಪರದೆಯ ಮೇಲೆ ಮಳೆಯ ಹಾಗೆ ಕಾಣುತ್ತಂತೆ. ಜೀವನವಿಡೀ ಬ್ರಷ್ಷಿನಲ್ಲಿ ಮುಖ ಬರೆದವರು ಬ್ರಷ್ಷನ್ನೇ ದೂರ ಇಡಬೇಕಾಯಿತು. "ನನ್ ಕೈ ಗುರ್ತು ಕಂಡ್ರ ಕೆಲ್ಸ ಕೆಟ್ಟಂಗ" ಅಂದರು. ಬ್ಯಾನರಿನ ಮೂಲೆಯಲ್ಲಿ ಸಣ್ಣದಾಗಿ ತಮ್ಮ ಹೆಸರು ಬರೆಯುತ್ತಿದ್ದ ಮನುಷ್ಯ.

ಅಜ್ಜಿಯ ತೀರ್ಪು

ಪ್ರೈಮರ್ ಒಣಗಿದ ಮೇಲೆ ಪರೀಕ್ಷೆ. ಇದು ಮೇಸ್ತ್ರಿಯದೇ ಉಪಾಯ. ಗೋಡೆಯ ಎಡ ಅರ್ಧದಲ್ಲಿ ಎರಡಡಿ ಚೌಕ ಹುಡುಗನ ಬೆಳ್ಳಿ, ಬಲ ಅರ್ಧದಲ್ಲಿ ಎರಡಡಿ ಚೌಕ ತಮ್ಮ ಮಂದ ಬಿಳಿ. ರಾತ್ರಿ ದೀಪ ಆರಿಸಿ ಒಂದೇ ಚಿತ್ರ ಎರಡರ ಮೇಲೂ ಬೀಳುವ ಹಾಗೆ ಬಿಟ್ಟರು.

ನಡುವಿನ ಸೋಫಾದಲ್ಲಿ ಕೂತು ನೋಡಿದರೆ, ಹೇಳಬೇಕಾದ ಮಾತು ಹೇಳಲೇಬೇಕು, ಬೆಳ್ಳಿ ಝಗ್ ಅಂತು! ಬಿಳಿ ಚೌಕ ಅದರ ಮುಂದೆ ಬಡವಿ. ಹುಡುಗ ಚಪ್ಪಾಳೆ ಹೊಡೆದ. ಸ್ವಲ್ಪ ಹೊತ್ತು ನೋಡಿದ ಮೇಲೆ ಬೆಳ್ಳಿಯ ನಡುವೆ ಒಂದು ಕಡೆ ಬಲ್ಬು ಇಟ್ಟ ಹಾಗೆ ಹೊಳಪಿನ ಗುಂಡು, ಸುತ್ತಲೂ ಮರಳು ಎರಚಿದ ಹಾಗೆ ಮಿಣಮಿಣ ಕಾಣತೊಡಗಿತು. ಆದರೂ ಹೊಳಪು ಹೊಳಪೇ.

"ಅವ್ವ, ನೀನೇಳು" ಅಂದರು ಯಜಮಾನರು.

ಮಂಚದ ಮೇಲಿಂದ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. ನಾನು ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತೆ, ಅಜ್ಜಿಗೆ ಏನು ಕಾಣುತ್ತೆ ನೋಡೋಣ ಅಂತ. ಅಲ್ಲಿಂದ ಆಟವೇ ತಲೆಕೆಳಗು. ಬೆಳ್ಳಿಯ ಚೌಕ ಸೀಸದ ತಗಡಿನ ಹಾಗೆ ಕಪ್ಪಾಗಿತ್ತು. ಬಿಳಿಯದು ಸೋಫಾದಿಂದ ಹೇಗಿತ್ತೋ ಹಾಗೇ ಇತ್ತು.

"ಅದೇನ ಆ ಕಡ ಕರಿ ಕಂಬ್ಳಿ ಕಟ್ಟಿದ್ದರಿ?" ಅಂದರು ಅಜ್ಜಿ.

ಜಗಳ ಮುಗಿಯಿತು. ಹುಡುಗ ತಾನೇ ಬಂದು ಮಂಚದ ತಲೆದಿಂಬಿನ ಹತ್ತಿರ ಬಗ್ಗಿ ನೋಡಿ, ಮಾತಿಲ್ಲದೆ ಅಲ್ಯೂಮಿನಿಯಂ ಡಬ್ಬದ ಮುಚ್ಚಳ ಹಾಕಿದ. ಆ ಡಬ್ಬ ಈಗ ಗೇಟಿಗೆ ಬಳಕೆಯಾಗಿದೆ.

ಒಂದು ಪ್ರಶ್ನೆ ಉಳಿದಿತ್ತು: ಬಿಳಿಯೋ, ಬೂದಿಯೋ? ಕೋಣೆಯನ್ನು ಪೂರ್ತಿ ಕತ್ತಲು ಮಾಡಲಾಗದ ಕಡೆ ಬಿಳಿಗೆ ಚೂರು ಕಪ್ಪು ಸ್ಟೈನರ್ ಬೆರೆಸಿ ತಿಳಿ ಬೂದಿ ಮಾಡುವುದುಂಟು. ಹೊರಗಿನ ಬೆಳಕು ಬಿದ್ದಾಗಲೂ ಕಪ್ಪು ಕಪ್ಪಾಗಿ ಕಾಣುತ್ತೆ. ಆದರೆ ಬರೀ ಕಪ್ಪು ಬೆರೆಸಿದರೆ ಬೂದಿ ನೀಲಿ ಕಡೆಗೆ ವಾಲುತ್ತೆ, ಅದಕ್ಕೆ ಕಾವಿಯೋ ಹಳದಿಯೋ ಒಂದೆರಡು ತೊಟ್ಟು ಹಾಕಿ ಸಮ ಮಾಡಬೇಕು. ಮುಖ ಬರೆದವರಿಗೆ ಇದು ಹೇಳಿಕೊಡಬೇಕಾದ ವಿದ್ಯೆಯಲ್ಲ. ಮೇಸ್ತ್ರಿ ಬೇಡ ಅಂದರು. 500 ಲ್ಯುಮೆನ್ನಿನಲ್ಲಿ ಬೂದಿಗೆ ಕೊಡಲು ಮಿಕ್ಕ ಬೆಳಕಿಲ್ಲ; ಬದಲಿಗೆ ಕಿಟಕಿಗೆ ದಪ್ಪ ಪರದೆ ಹಾಕಿ ಅಂದರು. ಮನೆ ಊಟಿ ರಸ್ತೆಗೆ ಹತ್ತಿರ. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇರುವುದರಿಂದ ಅದಕ್ಕೆ ಮೊದಲು ಗೇಟು ದಾಟಲು ಲಾರಿಗಳ ಧಾವಂತ. ಒಂದೊಂದು ಹೆಡ್‌ಲೈಟೂ ನಡುಮನೆಗೆ ಬಂದು ಹೋಗುತ್ತೆ. "ಒಂಬತ್ ಗಂಟ ಮ್ಯಾಲ ಆಟ ಸುರು ಮಾಡಿ" ಅಂತ ಮೇಸ್ತ್ರಿಯ ಸಲಹೆ. ಸೆಕೆಂಡ್ ಶೋ ಅನ್ನಿ!

ಮೂರನೇ ದಿನ ಫ್ಯಾನ್ ಆರಿಸಿ, ಬಾಗಿಲು ಮುಚ್ಚಿ, ಸಣ್ಣ ಎಳೆಯ ರೋಲರಿನಲ್ಲಿ ಮ್ಯಾಟ್ ಎಮಲ್ಷನ್ ಎರಡು ಕೋಟು. ಮೊದಲನೆಯದು ಮೇಲಿಂದ ಕೆಳಗೆ, ನಾಲ್ಕು ಗಂಟೆ ಬಿಟ್ಟು ಎರಡನೆಯದು ಅಡ್ಡಡ್ಡಕ್ಕೆ. ಶುರು ಮಾಡಿದ ಮೇಲೆ ನಡುವೆ ಬೀಡಿಗೆ ಏಳುವ ಹಾಗಿಲ್ಲ. ಒಣಗಿದ ಅಂಚಿನ ಮೇಲೆ ಹಸಿ ಬಣ್ಣ ಬಿದ್ದರೆ ಪಟ್ಟೆ ಗ್ಯಾರಂಟಿ. ಆಮೇಲೆ ಎಲ್ಲಾದರೂ ಚುಕ್ಕೆ ಕಂಡಿತು ಅಂತ ಅಲ್ಲಿಗೆ ಮಾತ್ರ ಬಣ್ಣ ತಾಗಿಸಬಾರದು, ಇಡೀ ಕೋಟು ಮತ್ತೆ ಹೊಡೆಯಬೇಕು. ಒಂದು ಲೀಟರಿನ ಡಬ್ಬದಲ್ಲಿ ಅರ್ಧದಷ್ಟು ಉಳಿಯಿತು.

ಅಂಚಿನ ಕಪ್ಪು ಪಟ್ಟಿಗೆ ಬಂದಾಗ ಮನೆಯೊಡತಿ ಅಡ್ಡ ನಿಂತರು. "ನಡುಮನೇಲಿ ಕಪ್ಪು ಬ್ಯಾಡ ಮೇಸ್ತ್ರಿ, ಒಳ್ಳೇದಲ್ಲ." ಆದರೆ ಕಪ್ಪು ಅಂಚಿಲ್ಲದೆ ಚಿತ್ರಕ್ಕೆ ಮುಖಲಕ್ಷಣ ಬರುವುದಿಲ್ಲ. ಸುತ್ತ ಕಪ್ಪಿದ್ದರೆ ನಡುವಿನ ಬಿಳಿ ಕಣ್ಣಿಗೆ ಇನ್ನೂ ಬಿಳಿ, ಅಂಚು ಮೀರಿ ಬಿದ್ದ ಬೆಳಕನ್ನೂ ಅದು ನುಂಗುತ್ತೆ. ಕೊನೆಗೆ ರಾಜಿಯಾಯಿತು. ತೆಳು ಮರದ ರೀಪರಿಗೆ ಕಪ್ಪು ಮಖಮಲ್ಲು ಸುತ್ತಿ ಮೊಳೆಗೆ ತಗುಲಿಹಾಕುವುದು, ಆಟ ಮುಗಿದ ಮೇಲೆ ತೆಗೆದು ಅಟ್ಟಕ್ಕೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಹಳೆ ಚಿತ್ರಗಳು ಅಗಲ ಕಡಿಮೆ. ಅದೇ 49 ಇಂಚು ಎತ್ತರದಲ್ಲಿ 65 ಇಂಚಿನಷ್ಟೇ ಹರಡುತ್ತವೆ. ಎರಡು ಕಡೆ ಉಳಿಯುವ ಜಾಗ ಬೂದಿಬೂದಿಯಾಗಿ ಕಾಣುತ್ತೆ. ರೀಪರುಗಳನ್ನು ಒಳಕ್ಕೆ ಸರಿಸಿದರೆ ಸರಿಹೋಯಿತು. ಥಿಯೇಟರುಗಳಲ್ಲಿ ಸ್ಕೋಪ್ ಚಿತ್ರ ಬಂದಾಗ ಮಗ್ಗುಲ ಕಪ್ಪು ಬಟ್ಟೆ ಸರಿದು ಪರದೆ ಅಗಲವಾಗುತ್ತಿದ್ದದ್ದೂ ಇದೇ ತಂತ್ರ. ಕನ್ನಡದ ಮೊದಲ ಸಿನಿಮಾಸ್ಕೋಪ್ "ಸೊಸೆ ತಂದ ಸೌಭಾಗ್ಯ" 1977ರಲ್ಲಿ ಬಂತು; ಆ ಬಟ್ಟೆ ಸರಿಯುವಾಗ ಬೀಳುತ್ತಿದ್ದ ಸಿಳ್ಳೆಯ ಬಗ್ಗೆ ಮೇಸ್ತ್ರಿ ಹೇಳಿದ್ದೇ ಹೇಳಿದ್ದು.

ಬಣ್ಣ ಚೆನ್ನಾಗಿ ಒಣಗಲಿ ಅಂತ ಒಂದು ವಾರ ಬಿಟ್ಟು ಆಟ ಇಟ್ಟರು. ಮೇಸ್ತ್ರಿಗೂ ನನಗೂ ಊಟದ ಕರೆ. ಯಾವ ಚಿತ್ರ? ಅಜ್ಜಿ ಕೇಳಿದ್ದು "ಕಸ್ತೂರಿ ನಿವಾಸ". 1971ರ ದೊರೈ-ಭಗವಾನ್ ಚಿತ್ರ. 2014ರಲ್ಲಿ ಅದು ಬಣ್ಣ ತುಂಬಿಸಿಕೊಂಡು ಮತ್ತೆ ಬಿಡುಗಡೆಯಾಯಿತಲ್ಲ, ಅದು ಬೇಡ, ಕಪ್ಪು ಬಿಳುಪೇ ಬೇಕು ಅಂದರು. ಮೇಸ್ತ್ರಿಗೂ ಅದೇ ಬೇಕಿತ್ತು. ಬಣ್ಣದ ಚಿತ್ರದಲ್ಲಿ ಗೋಡೆಯ ಕಳ್ಳತನ ಅಡಗುತ್ತೆ. ಕಪ್ಪು ಬಿಳುಪಿನಲ್ಲಿ ಗೋಡೆ ಒಂದು ಎಳೆ ನೀಲಿಗೋ ಹಳದಿಗೋ ವಾಲಿದರೂ ಬೂದಿ ಬಣ್ಣ ಸಿಕ್ಕಿಸಿಹಾಕುತ್ತೆ.

ಒಂಬತ್ತೂ ಹತ್ತಕ್ಕೆ ದೀಪ ಆರಿತು. ಮಖಮಲ್ಲಿನ ಚೌಕಟ್ಟಿನೊಳಗೆ ಅಣ್ಣಾವ್ರು ಬಂದರು. ಬೂದಿ ಬೂದಿಯಾಗಿಯೇ ಇತ್ತು, ನೀಲಿಯಿಲ್ಲ, ಹಳದಿಯಿಲ್ಲ. ಹಣೆಯ ಮೇಲೆ ಹೊಲಿಗೆಯೂ ಇಲ್ಲ! ಅಜ್ಜಿ ಮೊದಲ ಅರ್ಧ ಗಂಟೆ ಮಾತೇ ಆಡಲಿಲ್ಲ. ಆಮೇಲೆ ಮಗನನ್ನು ಕರೆದು, "ರೀಲು ಬದಲ್ಸದಿಲ್ವ? ವಸಿ ನಿಲ್ಸು, ಕಾಲ ಮರ್ಗಟ್ತು" ಅಂದರು. ಇಂಟರ್ವಲ್ ಕೊಟ್ಟರು, ಕಡ್ಲೆಕಾಯಿ ಬಂತು. ಪಾರಿವಾಳದ ಪ್ರಸಂಗ ಬರುವ ಹೊತ್ತಿಗೆ ಮನೆಯೊಡತಿ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು. ಮೇಸ್ತ್ರಿ ಮಾತ್ರ ಚಿತ್ರ ನೋಡುತ್ತಿರಲಿಲ್ಲ. ಪರದೆಯ ಎಡ ಮೇಲ್ಮೂಲೆ ನೋಡುತ್ತಿದ್ದರು. ಅಲ್ಲಿ ಪುಟ್ಟಿ ಒಂದು ಕೂದಲಿನಷ್ಟು ಉಬ್ಬಿದೆಯಂತೆ, ನನಗಂತೂ ಕಾಣಲಿಲ್ಲ. ಮರುದಿನ ಹುಡುಗನ ಸರದಿ, ಪುನೀತ್ ರಾಜ್‌ಕುಮಾರ್ ಅವರ 2022ರ "ಗಂಧದ ಗುಡಿ", ಕಾಡಿನ ಹಸಿರೆಲ್ಲಾ ಗೋಡೆಯ ಮೇಲೆ.

ಕೂಲಿ? ನಾಲ್ಕು ಗೋಡೆ ಬಳಿಯುವ ಹೊತ್ತಿನಲ್ಲಿ ಒಂದು ಗೋಡೆ ಆಯಿತು, ಹಾಗಾಗಿ ಮೇಸ್ತ್ರಿಗೆ ದಿನಗೂಲಿಯ ಲೆಕ್ಕದಲ್ಲಿ ದೊಡ್ಡ ಲಾಭವೇನಿಲ್ಲ. ಮನೆಯವರು ಕೇಳಿದ್ದಕ್ಕಿಂತ ಒಂದು ದಿನದ್ದು ಹೆಚ್ಚು ಕೊಟ್ಟರು, ಬೇಡ ಅನ್ನದೆ ಇಸಕೊಂಡರು. ಉಳಿದ ಅರ್ಧ ಡಬ್ಬ ಬಣ್ಣ ಮನೆಯಲ್ಲೇ ಇಟ್ಟುಹೋದರು: ಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಬೇಡಿ, ಹೊಳಪು ಏಳುತ್ತೆ, ಧೂಳನ್ನು ಒಣ ಬಟ್ಟೆಯಲ್ಲಿ ಮೆಲ್ಲಗೆ ಹೊಡೆಯಿರಿ, ಎರಡು ವರ್ಷಕ್ಕೊಮ್ಮೆ ಒಂದು ಕೋಟು ಸಾಕು ಅಂತ.

ಮೊನ್ನೆ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಊರಿನಲ್ಲೇ ಇನ್ನೊಬ್ಬರು ಮಹಡಿ ಕೋಣೆಗೆ ಪರದೆ ಬರೆಯಲು ಕೇಳಿದ್ದಾರಂತೆ. ಗೋಡೆ ನೋಡಿ ಬಂದಿದ್ದಾರೆ, ಕೈಯಿಟ್ಟರೆ ತೇವ ತಾಗುತ್ತೆ. ಮಳೆಗಾಲ ಮುಗಿಯುವವರೆಗೆ ಉಪ್ಪುಕಾಗದ ಮುಟ್ಟೋದಿಲ್ಲ ಅಂತ ಹೇಳಿ ಕಳಿಸಿದ್ದಾರೆ.